ಸೀಲಿಂಗಿನ ಮೇಲಿನ ಬೂದು ಹತ್ತಿ

ವರ್ತಕ ನಗರ, ಠಾಣೆ
ಭಾನುವಾರ, 9 ಜೂನ್ 2024

ಸುಮೇಧಾಳ ಅಪ್ಪನಿಗೆ,

ಮುಕ್ತಾಳ ನಮಸ್ಕಾರ. 'ಪ್ರೀತಿಯ' ಎಂದು ಮೊದಲಿಗೆ ಸೇರಿಸುವ ಮನಸ್ಸು ಈಗ ಇಲ್ಲ. ಸೇರಿಸದಿದ್ದರೂ ಓದುವಾಗ ನೀವೇ ಸೇರಿಸಿಕೊಂಡು ಓದುತ್ತೀರಿ, ಅದೂ ಗೊತ್ತು.

ಡೊಂಬಿವಲಿಗೂ ಠಾಣೆಗೂ ಎಷ್ಟು ದೂರ ಎಂದು ಇವಳು ಕಾಗದ ಬರೆಯುತ್ತಿದ್ದಾಳೆ ಎಂದು ನಗಬೇಡಿ. ಫೋನ್ ಮಾಡಿದರೆ ನಿಮ್ಮ ಹಿಂದೆ ಹೋಟೆಲಿನ ಗ್ರೈಂಡರು ತಿರುಗುತ್ತಿರುತ್ತದೆ. "ಆಮೇಲೆ ಮಾತಾಡುವ" ಎನ್ನುತ್ತೀರಿ, ಆ ಆಮೇಲೆ ಎನ್ನುವುದು ಬರುವುದೇ ಇಲ್ಲ. ಮೆಸೇಜ್ ಕಳಿಸಿದರೆ ಎರಡು ನೀಲಿ ಗೆರೆ ಮೂಡುತ್ತವೆ, ಉತ್ತರದ ಬದಲು ಒಂದು ಹಳದಿ ಹೆಬ್ಬೆರಳು. ನಾನು ಮುಕ್ಕಾಲು ಗಂಟೆ ಕೂತು ಬರೆದದ್ದಕ್ಕೆ ಒಂದು ಹೆಬ್ಬೆರಳು, ಮಾರಾಯರೇ! ವಾಯ್ಸ್ ಮೆಸೇಜ್ ಕಳಿಸಿದರೆ ಅದು ನಿಮ್ಮ ಗೆಳೆಯ ಜಯಂತನ ಮೊಬೈಲಿಗೆ ಹೋಗಿ ಕೂರುತ್ತದೆ. ಕಾಗದವನ್ನು ಫಾರ್ವರ್ಡ್ ಮಾಡಲು ಬರುವುದಿಲ್ಲ, ಹಾಗಾಗಿ ಕಾಗದ.

ನಿಮಗೆ ಗೊತ್ತಿರುವುದನ್ನೂ ಇದರಲ್ಲಿ ಬರೆಯುತ್ತೇನೆ. ಯಾಕೆಂದರೆ ನೀವು ಸಿಕ್ಕವರ ಹತ್ತಿರ ಹೇಳಿಕೊಂಡು ಬರುತ್ತಿರುವ ಕಥೆ ಬೇರೆ. ಹೆಂಡತಿ ಮೊಬೈಲಿನಲ್ಲಿ ಏನೇನೋ ಓದಿ ತಲೆ ಕೆಡಿಸಿಕೊಂಡಳು, ಭಾನುವಾರ ಬೆಳಿಗ್ಗೆ ಹೋಟೆಲಿನ ಗ್ಯಾಸು ಆರಿಸಿ ಅಣ್ಣತಮ್ಮಂದಿರ ನಡುವೆ ಜಗಳ ಹಚ್ಚಿದಳು, ಮಗಳನ್ನು ಕರೆದುಕೊಂಡು ಅಕ್ಕನ ಮನೆ ಸೇರಿದಳು. ಗ್ಯಾಸು ಆರಿಸಿದ್ದು ನಿಜ. ಉಳಿದದ್ದು ಹೇಗೆ ನಡೆಯಿತು ಎಂದು ಒಮ್ಮೆ ಕ್ರಮವಾಗಿ, ನಡುವೆ ಬಾಯಿ ಹಾಕದೆ, ಓದಿ.

ಅಂಬರನಾಥದ ಆ ಹಳೆ ಮನೆಯನ್ನು ಕೊಳ್ಳುವ ಎಂದು ಹಠ ಹಿಡಿದವಳು ನಾನೇ. ಅಲ್ಲ ಎನ್ನುವುದಿಲ್ಲ. ಡೊಂಬಿವಲಿಯ ಒಂದು ಕೋಣೆಯಲ್ಲಿ ಮಗಳು ಓದುವಾಗ ನಾವು ಟಿವಿಯ ಸದ್ದು ತೆಗೆದು ಬರೀ ಬಾಯಿ ಆಡುವುದನ್ನು ನೋಡಬೇಕಿತ್ತು. ಅಂಬರನಾಥದಲ್ಲಿ ಅಂಗಳ ಇತ್ತು, ಎರಡು ನುಗ್ಗೆ ಮರ ಇತ್ತು. ಯಾವುದೋ ಕೆಮಿಕಲ್ ಕಾರ್ಖಾನೆಯ ಎಂಜಿನಿಯರು ಎಪ್ಪತ್ತರ ದಶಕದಲ್ಲಿ ಕಟ್ಟಿಸಿಕೊಂಡ ಮನೆ. ಮೇಲೆ ಸಿಮೆಂಟಿನ ಶೀಟು, ಅದರ ಕೆಳಗೆ ಹಲಗೆಯ ಸೀಲಿಂಗು. ಏಪ್ರಿಲಿನಲ್ಲಿ ನೋಡಲು ಹೋದಾಗ ಶೀಟಿನ ಮನೆ ಇಷ್ಟು ತಂಪಾಗಿ ಹೇಗೆ ಉಂಟು ಎಂದು ನಾವಿಬ್ಬರೂ ಆಶ್ಚರ್ಯಪಟ್ಟೆವು. ಸೀಲಿಂಗಿನ ಮೇಲೆ ದಪ್ಪಕ್ಕೆ ಏನೋ ತುಂಬಿಸಿದ್ದಾರೆ, ಕಾರ್ಖಾನೆಯ ಬಾಯ್ಲರಿಗೆ ಹಾಕುವಂಥದ್ದು, ಹಾಗಾಗಿ ಬಿಸಿ ಇಳಿಯುವುದಿಲ್ಲ ಎಂದು ಮಾರಿದವರು ಹೆಮ್ಮೆಯಿಂದ ಹೇಳಿದರು. ನಾವು ಹೌದಾ ಹೌದಾ ಎಂದು ತಲೆ ಆಡಿಸಿದೆವು.

ಸೀಲಿಂಗು ಹಳತಾಗಿದೆ, ತೆಗೆದು ಹೊಸತು ಹಾಕಿಸುವ ಎಂದಾಗ ನಾನು ಕೆಲಸದವರನ್ನು ಕರೆಸಿ ಎಂದೆ. ನೀವು ಕೇಳಲಿಲ್ಲ. ಸುತ್ತಿಗೆ ಹಿಡಿಯಲು ಬರುವ ಗಂಡಸು ಕೆಲಸದವರನ್ನು ಯಾಕೆ ಕರೆಯಬೇಕು! ಮಧ್ಯಾಹ್ನ ಹೋಟೆಲಿನಲ್ಲಿ ಗಿರಾಕಿ ಕಡಿಮೆ ಇರುವ ಹೊತ್ತಿಗೆ ಅಂಗಾರನನ್ನೂ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟಿರಿ. ಇಪ್ಪತ್ತು ವರ್ಷದಿಂದ ನಿಮ್ಮ ಇಡ್ಲಿ ಬೇಯಿಸುತ್ತಿರುವ ಮನುಷ್ಯನನ್ನು ಏಣಿ ಹತ್ತಿಸಿದಿರಿ. ರಜೆಯಲ್ಲಿ ಮನೆಯಲ್ಲಿ ಕೂತು ಬೇಸರವಾಗಿದೆ ಎಂದ ಮಗಳನ್ನೂ ಕರೆದುಕೊಂಡು ಹೋದಿರಿ.

ನಾನು ಬ್ಯಾಂಕಿನಿಂದ ಅರ್ಧ ದಿನ ರಜೆ ಹಾಕಿ ಬಂದಾಗ ಬಾಗಿಲಲ್ಲೇ ನಿಂತುಬಿಟ್ಟೆ. ಕಿಟಕಿಯಿಂದ ಬೀಳುವ ಬಿಸಿಲಿನ ಕೋಲಿನಲ್ಲಿ ಏನೋ ಮೆಲ್ಲಗೆ ತೇಲುತ್ತಿತ್ತು, ಕೆಳಗೆ ಇಳಿಯುವ ಆತುರವೇ ಇಲ್ಲದ ಹಾಗೆ. ಅಂಗಾರನ ತಲೆ, ಹುಬ್ಬು, ಮೀಸೆ ಎಲ್ಲ ಬೂದು. ನೀವು ಏಣಿಯ ಕೆಳಗೆ ಗೋಣಿಚೀಲ ಹಿಡಿದು ನಿಂತಿದ್ದಿರಿ, ಅವನು ಕೈಯಿಂದ ಕಿತ್ತು ಕಿತ್ತು ಹಾಕುತ್ತಿದ್ದ. ಸುಮೇಧಾ ಪೊರಕೆ ಹಿಡಿದು ಗುಡಿಸುತ್ತಿದ್ದಳು. ನನ್ನನ್ನು ನೋಡಿ, "ಅಮ್ಮ, ದೇಖೋ ನಾ, ಸ್ನೋಫಾಲ್!" ಎಂದು ಕುಣಿದಳು.

ಹೊರಗೆ ಬನ್ನಿ ಎಂದು ನಾನು ಕೂಗಿದ್ದು ಪಕ್ಕದ ಮನೆಗೂ ಕೇಳಿಸಿತು ಎಂದು ನೀವು ಆಮೇಲೆ ಮುಖ ಊದಿಸಿಕೊಂಡಿರಿ. ಕೇಳಿಸಲಿ. ನೀವು ಹೊರಗೆ ಬಂದು ಹೇಳಿದ್ದೇನು? "ಎಂತ ಮಾರಾಯ್ತಿ, ಹತ್ತಿ ಅದು, ಹತ್ತಿ! ಹತ್ತಿಗೆ ಹೆದರುವವರು ಉಂಟಾ?" ಅಂಗಾರ ನಕ್ಕು, "ದಾಲಾ ಆಪುಜಿ ಅಕ್ಕ, ಏನೂ ಆಗುವುದಿಲ್ಲ. ಹುಟ್ಟಿದಂದಿನಿಂದ ಹಿಟ್ಟಿನ ಧೂಳು ಕುಡಿದವ ನಾನು" ಎಂದ. ಅವನಿಗೆ ನಗು, ನಿಮಗೆ ನಗು, ಮಗಳಿಗೆ ನಗು. ಆ ಅಂಗಳದಲ್ಲಿ ನಗದೆ ನಿಂತವಳು ನಾನೊಬ್ಬಳು. ನನಗೆ ಇಂಥ ಸ್ಥಾನ ಅಭ್ಯಾಸವಾಗಿ ಹೋಗಿದೆ.

ಮೂವರ ಬಟ್ಟೆಯನ್ನೂ ನಾನು ಒದ್ದೆ ಮಾಡಿಸಿ, ಚೀಲದಲ್ಲಿ ಕಟ್ಟಿ, ಒಗೆಯಲು ಬಿಡದೆ ಇಟ್ಟೆ. ಹೊಸ ಪ್ಯಾಂಟು ಎಂದು ನೀವು ಗೊಣಗಿದಿರಿ. ಕೋಣೆಯ ಬಾಗಿಲು ಹಾಕಿ ಸಂದಿಗೆ ಟೇಪು ಅಂಟಿಸಿದೆ. ಫ್ಯಾನು ಹಾಕಬಾರದು, ಗುಡಿಸಬಾರದು, ಯಾರೂ ಒಳಗೆ ಹೋಗಬಾರದು ಎಂದೆ. ಸರಿ ಸರಿ ಎಂದಿರಿ. ನಿಮ್ಮ ಈ ಸರಿ ಸರಿ ಎನ್ನುವುದಕ್ಕೆ ಏನರ್ಥ ಎಂದು ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ಕಲಿಯಲಾಗಲಿಲ್ಲ.

ಸಂಜೆ ಮೊಬೈಲಿನಲ್ಲಿ ಫೋಟೋ ತೆಗೆದು ಜಯಂತನಿಗೆ ಕಳಿಸಿದಿರಿ. ಜಯಂತ್ ಬೇಲಾಪುರದಲ್ಲಿ ಕೂತು ಜನರ ಮನೆಗೆ ಇಂಟೀರಿಯರು ಮಾಡಿಸುವವನು, ಒಳ್ಳೆಯವನೇ, ಅವನ ಮೇಲೆ ನನಗೆ ದ್ವೇಷ ಇಲ್ಲ. ಆದರೆ ಅವನು ಕಾರು ಓಡಿಸುತ್ತಲೇ ಫೋಟೋ ನೋಡಿ, "ಅತ್ಗೆ, ರಾಕ್‌ವೂಲ್ ಅದು, ಕಲ್ಲಿನ ಉಣ್ಣೆ, ಸುಮ್ನೆ ಟೆನ್ಷನ್ ತಗೋಬೇಡಿ" ಎಂದುಬಿಟ್ಟ. ಅಷ್ಟು ಸಾಕಾಯಿತು ನಿಮಗೆ. ನಾನು ಹತ್ತು ಸಲ ಹೇಳಿದ್ದಕ್ಕಿಂತ ಜಯಂತ್ ಸಿಗ್ನಲಿನಲ್ಲಿ ನಿಂತು ಹೇಳಿದ್ದು ಹೆಚ್ಚಾಯಿತು.

ನನಗೂ ಖಚಿತ ಇರಲಿಲ್ಲ, ಅದನ್ನು ಒಪ್ಪುತ್ತೇನೆ. ಗಾಜಿನ ಉಣ್ಣೆಯಾದರೆ ಹಳದಿ ಇರುತ್ತದೆ, ಬೆಳಕಿಗೆ ಮಿನುಗುತ್ತದೆ, ಮುಟ್ಟಿದರೆ ಕೈ ತುರಿಸುತ್ತದೆ. ಅಂಗಾರನಿಗೆ ತುರಿಕೆಯೇ ಬರಲಿಲ್ಲ. ಇದು ಮಂಕಾದ ಬೂದು, ಎಳೆ ಎಳೆದರೆ ಇನ್ನೂ ಸಣ್ಣ ಎಳೆಯಾಗುತ್ತಿತ್ತು, ಮುಗಿಯುತ್ತಲೇ ಇರಲಿಲ್ಲ. ಬಚ್ಚಲಿನ ಹಳೆ ಬಿಸಿನೀರಿನ ಪೈಪಿಗೆ ಮುರಿದ ಕೈಗೆ ಹಾಕುವ ಪ್ಲಾಸ್ಟರಿನ ಹಾಗೆ ಬಿಳಿ ಪಟ್ಟಿ ಸುತ್ತಿದ್ದರು. ಮನೆ ಎಪ್ಪತ್ತರ ದಶಕದ್ದು, ತುಂಬಿಸಿದ್ದು ಕಾರ್ಖಾನೆಯ ಮಾಲು. ಇಷ್ಟನ್ನೂ ಕೂಡಿಸಿ ನೋಡಿದೆ. ನಾವು ಕನ್ನಡ ಶಾಲೆಯಲ್ಲಿ ಕಲ್ನಾರು ಎಂದು ಓದಿದ್ದೆವಲ್ಲ, ಬೆಂಕಿಗೆ ಸುಡದ ನಾರು ಎಂದು ಪರೀಕ್ಷೆಗೆ ಬರೆದಿದ್ದೆವಲ್ಲ, ಆಸ್ಬೆಸ್ಟಾಸ್, ಅದೇ ಇರಬಹುದು ಎನಿಸಿತು. ಅನಿಸಿಕೆ ಸಾಲದು ಎಂದು ಮಹಾಪೆಯ ಒಂದು ಲ್ಯಾಬಿಗೆ ಹೋದೆ.

ಅಲ್ಲಿ ಕೂತಿದ್ದವಳು ಮೈಸೂರಿನ ಹುಡುಗಿ. ನಾನು ಫೋಟೋ ತೋರಿಸಿದರೆ ಮೊಬೈಲನ್ನು ಮೆಲ್ಲಗೆ ನನ್ನ ಕಡೆಗೇ ತಿರುಗಿಸಿಟ್ಟಳು. "ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ ಮೇಡಂ. ನಾನೂ ಹೇಳಲ್ಲ, ಬೇರೆ ಯಾರಾದ್ರೂ ಹೇಳಿದ್ರೆ ನೀವೂ ನಂಬಬೇಡಿ. ಮೈಕ್ರೋಸ್ಕೋಪಲ್ಲಿ ನೋಡಿದ್ಮೇಲೇ ಗೊತ್ತಾಗೋದು" ಎಂದಳು. ನನಗೆ ನಿಮ್ಮ ಜಯಂತನ ನೆನಪಾಯಿತು. ನೀವೇ ಕಿತ್ತು ತರಬೇಡಿ, ನಮ್ಮವರೇ ಬರುತ್ತಾರೆ ಎಂದಳು. ಮರುದಿನ ಮುಖಕ್ಕೆ ದೊಡ್ಡ ಮಾಸ್ಕು ಹಾಕಿದ ಒಬ್ಬರು ಬಂದು, ಮೊದಲು ಸೋಪಿನ ನೀರು ಸಿಂಪಡಿಸಿ ಹತ್ತಿಯನ್ನು ತೋಯಿಸಿ, ಚಿಮುಟದಲ್ಲಿ ಒಂದು ಚಿಟಿಕೆ ತೆಗೆದು ಚೀಲದೊಳಗೆ ಚೀಲ ಇಟ್ಟು ಮುಚ್ಚಿದರು. ಪೈಪಿನ ಪಟ್ಟಿಯದ್ದೂ ಶೀಟಿನ ಮೂಲೆಯದ್ದೂ ಒಂದೊಂದು ಚೂರು ತೆಗೆದರು. ಕಿತ್ತ ಜಾಗಕ್ಕೆ ಟೇಪು ಹಚ್ಚಿ, ಕೂತ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ ಹೋದರು. ನೀವು ಆ ಹೊತ್ತಿಗೆ ಗೇಟಿನ ಹತ್ತಿರ ನಿಂತು ಅವರ ಸ್ಕೂಟರಿನ ಮೈಲೇಜು ಕೇಳುತ್ತಿದ್ದಿರಿ.

ವರದಿ ಬಂತು. ಸೀಲಿಂಗಿನ ಹತ್ತಿಯಲ್ಲಿ ಕಂದು ಜಾತಿಯ ಕಲ್ನಾರು, ಪೈಪಿನ ಪಟ್ಟಿಯಲ್ಲಿ ಬಿಳಿ ಜಾತಿಯದ್ದು. ಶೀಟಿನಲ್ಲೂ ಉಂಟು, ಆದರೆ ಅದು ಸಿಮೆಂಟಿನಲ್ಲಿ ಕಟ್ಟಿಹೋಗಿದೆ, ಒಡೆಯದೆ ಕೊರೆಯದೆ ಇದ್ದರೆ ಸದ್ಯಕ್ಕೆ ಹೆದರಬೇಕಿಲ್ಲ ಎಂದು ಆ ಹುಡುಗಿ ಬಿಡಿಸಿ ಹೇಳಿದಳು. ಹೆದರಬೇಕಾದದ್ದು ಸಡಿಲ ಇರುವುದಕ್ಕೆ, ಗಾಳಿಗೆ ಏಳುವುದಕ್ಕೆ. ಆ ಎಳೆಗಳು ಕಣ್ಣಿಗೆ ಕಾಣುವುದಿಲ್ಲವಂತೆ. ಎದೆಯೊಳಗೆ ಹೋದರೆ ಕರಗುವುದಿಲ್ಲವಂತೆ, ಇಪ್ಪತ್ತು ಮೂವತ್ತು ವರ್ಷ ಸುಮ್ಮನೆ ಕೂತಿದ್ದು ಆಮೇಲೆ ಎದ್ದು ಬರಬಹುದಂತೆ.

ನಾನು ವರದಿಯನ್ನು ನಿಮ್ಮ ಮುಂದೆ ಇಟ್ಟೆ. ನೀವು ಓದಿದಿರಿ. ಒಂದು ಗಳಿಗೆ ನಿಮ್ಮ ಮುಖದ ಬಣ್ಣ ಹೋಯಿತು, ನಾನು ನೋಡಿದ್ದೇನೆ. ಆಮೇಲೆ ವರದಿಯನ್ನು ಮಡಿಸಿಟ್ಟು, "ಲ್ಯಾಬಿನವರಿಗೂ ಬಿಸಿನೆಸ್ ಆಗಬೇಕಲ್ಲ" ಎಂದಿರಿ. ಆ ಮುಖದ ಬಣ್ಣ ಯಾಕೆ ಹೋಯಿತು ಎಂದು ಆಗ ನನಗೆ ತಿಳಿಯಲಿಲ್ಲ. ಹೆದರಿದ್ದಾರೆ, ಪಾಪ, ಗಂಡಸಲ್ಲವೇ, ತೋರಿಸಿಕೊಳ್ಳುವುದಿಲ್ಲ ಎಂದುಕೊಂಡೆ. ನಿಮ್ಮ ಮೇಲೆ ಕನಿಕರ ಬಂದು ರಾತ್ರಿ ಊಟಕ್ಕೆ ಹಾಗಲಕಾಯಿ ಗೊಜ್ಜು ಮಾಡಿದೆ. ಈಗ ನೆನೆದರೆ ಆ ಗೊಜ್ಜಿನ ಪಾತ್ರೆಯನ್ನು ಎಲ್ಲಿ ಎಸೆಯಲಿ ಎನಿಸುತ್ತದೆ.

ಇನ್ನು ಹೋಟೆಲಿನ ಆ ಭಾನುವಾರ. ಸುಮೇಧಾಳಿಗೆ ಬನ್ಸು ಬೇಕು ಎಂದು ಇಬ್ಬರೂ ಬೆಳಿಗ್ಗೆ ಬಂದೆವು. ಹೊರಗೆಲ್ಲ ಜನ, ಜಾಗಕ್ಕೆ ಕಾಯುವವರು ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು. ನೀವು ಕಲ್ಯಾಣದ ಮಾರುಕಟ್ಟೆಗೆ ತರಕಾರಿಗೆ ಹೋಗಿದ್ದಿರಿ, ಹಣದ ಗಲ್ಲೆಯಲ್ಲಿ ನಿಮ್ಮ ಅಣ್ಣ ಮಧ್ವೇಶ ಭಾವ ಕೂತಿದ್ದರು. ನಾನು ನೇರ ಅಡುಗೆಮನೆಗೆ ಹೋದೆ. ಬಾಯ್ಲರಿನಿಂದ ಇಡ್ಲಿಯ ಪೆಟ್ಟಿಗೆಗೆ ಹೋಗುವ ಹಬೆಯ ಪೈಪು ಯಾವಾಗಲೂ ಬತ್ತಲೆ ಇರುತ್ತಿತ್ತು. ಅವತ್ತು ಅದಕ್ಕೆ ಗೋಣಿ ಸುತ್ತಿ ತಂತಿ ಬಿಗಿದಿತ್ತು. ತಂತಿ ಸಡಿಲಾದ ಒಂದು ಕಡೆ ಒಳಗಿನದು ಇಣುಕುತ್ತಿತ್ತು. ಬೂದು ಹತ್ತಿ. ಅದರ ನೇರ ಕೆಳಗೆ ಹಿಟ್ಟಿನ ಕೊಳಗ.

ಅಂಗಾರ ನನ್ನನ್ನು ನೋಡಿ ಸಂತೋಷದಿಂದ ಹತ್ತಿರ ಬಂದ. ಪೈಪಿನ ಮೇಲೆ ಅಂಗೈ ಇಟ್ಟು ತೋರಿಸಿದ. "ನೋಡಿ ಅಕ್ಕ, ಈಗ ಮುಟ್ಟಿದ್ರೂ ಸುಡುವುದಿಲ್ಲ. ಧಣಿಗಳು ಅಂಬರನಾಥದಿಂದ ಎರಡು ಚೀಲ ತಂದು ಅವರೇ ಸುತ್ತಿದ್ದು. ನನ್ನ ಕೈ ಸುಟ್ಟಿತ್ತಲ್ಲ, ಅದನ್ನು ನೋಡಿ ಅವರಿಗೆ ತಡೆಯಲಿಲ್ಲ." ಮೊಣಕೈಯ ಹತ್ತಿರ ಸುಟ್ಟ ಕಲೆ ಇನ್ನೂ ಗುಲಾಬಿಯಾಗಿತ್ತು. ಯಾವಾಗ ಸುತ್ತಿದ್ದು ಎಂದು ಕೇಳಿದೆ. ಸೀಲಿಂಗು ಕಿತ್ತ ಮರುದಿನವೇ ಎಂದ.

ಅಂದರೆ ವರದಿ ಬರುವ ಮೊದಲೇ. ಆಗ ನಿಮಗೆ ಗೊತ್ತಿರಲಿಲ್ಲ, ಆ ಮಟ್ಟಿಗೆ ನಿಮ್ಮ ಮೇಲೆ ತಪ್ಪು ಹೊರಿಸುವುದಿಲ್ಲ. ಪುಕ್ಕಟೆ ಸಿಕ್ಕಿದ್ದನ್ನು ಬಿಸಾಡಲು ನಿಮ್ಮ ಕೈ ಬರುವುದಿಲ್ಲ, ಅಂಗಾರನ ಕೈ ಸುಟ್ಟದ್ದು ನೋಡಿ ಸಂಕಟವಾಯಿತು, ಎರಡೂ ಸೇರಿದವು. ನನ್ನ ತಲೆ ಸಿಡಿಯುವುದು ಇಲ್ಲೇ. ನಿಮ್ಮಲ್ಲಿ ಕೆಟ್ಟ ಬುದ್ಧಿ ಇಲ್ಲ. ಕೆಟ್ಟ ಬುದ್ಧಿಯ ಗಂಡನಾದರೆ ಜಗಳ ಆಡಿ ಬಿಟ್ಟುಬಿಡಬಹುದು, ನಾಲ್ಕು ಜನ ಹೌದು ಎನ್ನುತ್ತಾರೆ. ನಿಮ್ಮ ಜೊತೆ ಜಗಳ ಆಡಿದರೆ ನನ್ನ ಅಕ್ಕ ಕೂಡ "ಪಾಪ, ಅವರು ಒಳ್ಳೆಯದಕ್ಕೇ ಮಾಡಿದ್ದಲ್ಲವಾ" ಎನ್ನುತ್ತಾಳೆ.

ಆದರೆ ವರದಿ ಓದಿದ ಮೇಲೆ? ಮುಖದ ಬಣ್ಣ ಹೋಯಿತಲ್ಲ, ಅದು ಇದಕ್ಕೆ. ಆ ಹತ್ತಿ ಹೋಟೆಲಿನ ಪೈಪಿಗೆ ಸುತ್ತಿ ಕೂತಿದೆ ಎಂದು ನಿಮಗೆ ಆಗ ನೆನಪಾಯಿತು. ನೆನಪಾಗಿಯೂ ಬಾಯಿ ಬಿಡಲಿಲ್ಲ. ತೆಗೆಸಬೇಕಾದರೆ ಅಡುಗೆಮನೆ ಮುಚ್ಚಬೇಕು, ಮುಚ್ಚಬೇಕಾದರೆ ಅಣ್ಣನಿಗೆ ಹೇಳಬೇಕು, ಅಣ್ಣನಿಗೆ ಹೇಳಿದರೆ ಮುಕ್ತಾ ಹೇಳಿದ್ದು ಸರಿ ಎಂದು ಒಪ್ಪಬೇಕು. ಇದರಲ್ಲಿ ಯಾವುದು ನಿಮಗೆ ಹೆಚ್ಚು ಕಷ್ಟವಾಯಿತು ಎಂದು ನನಗೆ ನಿಜವಾಗಿ ತಿಳಿಯಬೇಕು. ಅಷ್ಟು ದಿನವೂ ಅಂಗಾರ ಆ ಪೈಪಿನ ಕೆಳಗೆ ನಿಂತು ಉಸಿರಾಡಿದ. ಮಗಳು ಹೊರಗೆ ಇಡ್ಲಿ ತಿಂದು ಹೋದಳು. ನಿಮ್ಮ ಅಮ್ಮ ಮಧ್ಯಾಹ್ನ ಅಲ್ಲೇ ಕೂತು ಸೊಪ್ಪು ಬಿಡಿಸಿದರು. ನೀವೂ ಅದೇ ಗಾಳಿ ಕುಡಿದಿರಿ. ಒಂದು ಮಾತು ಹೇಳಿದ್ದರೆ ನಾನು ಬೈಯುತ್ತಿದ್ದೆ, ಅಷ್ಟೇ. ನನ್ನ ಬೈಗುಳ ಅದಕ್ಕಿಂತ ವಿಷವೇ, ಮಾರಾಯರೇ?

ನಾನು ಗ್ಯಾಸಿನ ವಾಲ್ವು ತಿರುಗಿಸಿದೆ. ಎಲ್ಲರನ್ನೂ ಹೊರಗೆ ಕಳಿಸಿದೆ. ಭಾವನಿಗೆ ಗಲ್ಲೆಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದೆ. ಅವರು ನನ್ನನ್ನು ಒಂದು ಪ್ರಶ್ನೆ ಮಾತ್ರ ಕೇಳಿದರು, "ಅವನಿಗೆ ಗೊತ್ತಿತ್ತಾ?" ಎಂದು. ವರದಿಯನ್ನು ನೀವು ಓದಿದ ದಿನ ಯಾವುದು ಎಂದಷ್ಟೇ ಹೇಳಿದೆ. ಅವರಿಗೆ ಅರ್ಥವಾಯಿತು. ಎದ್ದು ನಿಂತು, "ಕಿಚನ್ ಬಂದ್ ಆಹೇ, ಪೈಪ್ ಕಾ ಕಾಮ್ ಹೈ, ಮಾಫ್ ಕರಾ" ಎಂದು ಮರಾಠಿ ಹಿಂದಿ ಎರಡೂ ಸೇರಿಸಿ ಕೈ ಮುಗಿದು ಗಿರಾಕಿಗಳನ್ನು ಕಳಿಸಿದರು. ನಿಮ್ಮ ಅಪ್ಪ ತೀರಿದ ದಿನ ಬಿಟ್ಟರೆ ಭಾನುವಾರ ಆ ಶಟರು ಇಳಿದದ್ದು ಅದೇ ಮೊದಲಂತೆ.

ಆಮೇಲೆ ನೀವು ಬಂದಿರಿ. ರಿಕ್ಷಾದಿಂದ ಹೂಕೋಸಿನ ಮೂಟೆ ಇಳಿಸುವ ಮೊದಲೇ ಕೂಗಾಡಲು ತೊಡಗಿದಿರಿ. "ನಿನ್ನ ಅಧಿಕಾರ ಮನೆಯಲ್ಲಿ! ಇದು ನನ್ನ ಅಪ್ಪ ಕಟ್ಟಿದ ಹೋಟೆಲು, ಇನ್ನು ಇಲ್ಲಿ ಕಾಲಿಡಬೇಡ" ಎಂದಿರಿ. ಅಂಗಾರನ ಎದುರು, ಪಕ್ಕದ ಮೆಡಿಕಲಿನವರ ಎದುರು, ಮಗಳ ಎದುರು. ಸುಮೇಧಾ ಯಾವತ್ತೂ ನಮ್ಮ ಕನ್ನಡಕ್ಕೆ ಹಿಂದಿಯಲ್ಲಿ ಉತ್ತರ ಕೊಡುವವಳು, ಅವತ್ತು ಅಚ್ಚ ಕನ್ನಡದಲ್ಲಿ, "ಅಮ್ಮ, ಹೋಗುವ" ಎಂದಳು. ಹೊರಟೆವು. ಕಾಲಿಡಬೇಡ ಎಂದ ಕಡೆ ಕಾಲಿಡುವ ಅಭ್ಯಾಸ ನನಗಿಲ್ಲ. ಮನೆಗೂ ಬರಲಿಲ್ಲ, ಯಾಕೆಂದರೆ ಆ ಮನೆಯ ಹೊಸ್ತಿಲಿನಲ್ಲೂ ನೀವೇ ಇರುತ್ತೀರಿ.

ಮುಂದಿನದು ನಿಮಗೆ ಅರ್ಧ ಗೊತ್ತು. ಭಾವ ಹೋಟೆಲನ್ನು ತೆರೆಯಲಿಲ್ಲ. ಲ್ಯಾಬಿನವರು ಹೇಳಿದ ತಂಡವನ್ನು ಕರೆಸಿದರು. ಅವರು ಪ್ಲಾಸ್ಟಿಕ್ಕಿನ ಪರದೆ ಕಟ್ಟಿ, ಎಲ್ಲ ತೋಯಿಸಿ, ಗೋಣಿಯ ಸಮೇತ ಚೀಲಕ್ಕೆ ತುಂಬಿ, ಗೋಡೆ ನೆಲ ಒರೆಸಿ, ಗಾಳಿ ಪರೀಕ್ಷೆ ಮಾಡಿದ ಮೇಲೆಯೇ ಶಟರು ಎದ್ದಿತು. ತೆರೆದಿಟ್ಟ ಹಿಟ್ಟು, ಬೇಳೆ, ಮಸಾಲೆ ಎಲ್ಲ ಹೋಯಿತು. ಅಷ್ಟಾದರೂ ಭಾವ ನನ್ನ ಮೇಲೆ ಒಂದು ಮಾತು ಆಡಲಿಲ್ಲ. ಈಗ ಪೈಪಿಗೆ ಹೊಸ ರಾಕ್‌ವೂಲ್ ಸುತ್ತಿ ಮೇಲೆ ಅಲ್ಯೂಮಿನಿಯಂ ತಗಡು ಹೊದೆಸಿದ್ದಾರೆ. ಅಂಗಾರನ ಕೈ ಸುಡಬಾರದು ಎಂಬ ನಿಮ್ಮ ಆಸೆ ತಪ್ಪಲ್ಲ. ಅಂಗಡಿಯಲ್ಲಿ ಸಿಗುವ ವಸ್ತುವಿಗೆ ಆಸೆ ಪಡಬೇಕಿತ್ತು, ಅಷ್ಟೇ.

ಗೊತ್ತಿಲ್ಲದ ಅರ್ಧ ಇದು: ಅಂಗಾರನನ್ನು ನಾನೇ ಠಾಣೆಯ ಎದೆರೋಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಬರುವುದಿಲ್ಲ ಎಂದು ಹಠ ಹಿಡಿದ. ಧಣಿಗಳಿಗೆ ಬೇಸರವಾಗುತ್ತದೆ ಎಂದ. ನಿನ್ನ ಎದೆ ಧಣಿಗಳದ್ದಲ್ಲ ಎಂದೆ. ಎಕ್ಸ್‌ರೇಯಲ್ಲಿ ಏನೂ ಇಲ್ಲ. ಈಗ ಏನೂ ಕಾಣುವುದೂ ಇಲ್ಲ, ಸ್ವಲ್ಪ ದಿನದ ಧೂಳಿಗೆ ಅಪಾಯ ಕಡಿಮೆಯೇ, ಆದರೆ ಇಲ್ಲವೇ ಇಲ್ಲ ಎಂದು ಯಾರೂ ಬರೆದುಕೊಡುವುದಿಲ್ಲ ಎಂದರು ಡಾಕ್ಟರು. ಬೀಡಿ ಇವತ್ತಿನಿಂದಲೇ ಬಿಡಬೇಕು, ಆ ಎಳೆ ಮತ್ತು ಹೊಗೆ ಸೇರಿದರೆ ಕೆಡುಕು ಎಷ್ಟೋ ಪಟ್ಟು ಹೆಚ್ಚು ಎಂದು ಗದರಿಸಿದರು. ಅವನನ್ನು ಡೊಂಬಿವಲಿಯವರೆಗೆ ಬಿಡಲು ನಾನೂ ರೈಲು ಹತ್ತಿದೆ. ದಿವಾ ಸ್ಟೇಷನ್ ದಾಟಿದ ಮೇಲೆ, "ಅಕ್ಕ, ಸೀಲಿಂಗು ಕೀಳುವ ದಿನ ಧಣಿಗಳ ಬಾಯಿಗೆ ಟವೆಲು ಕಟ್ಟಿದ್ದು ನಾನು. ನನಗೆ ಕಟ್ಟಿಕೊಳ್ಳಲು ಇನ್ನೊಂದು ಇರಲಿಲ್ಲ" ಎಂದ. ದೂರಿನ ಹಾಗೆ ಹೇಳಲಿಲ್ಲ, ಸುಮ್ಮನೆ ಹೇಳಿದ. ನನಗೆ ಕಿಟಕಿಯ ಹೊರಗೆ ನೋಡಬೇಕಾಯಿತು. ಒಂದು ಟವೆಲು ಆ ಎಳೆಯನ್ನು ತಡೆಯುವುದಿಲ್ಲ ಎಂದು ಅವನಿಗೆ ಹೇಳಲು ಬಾಯಿ ಬರಲಿಲ್ಲ.

ಇದನ್ನು ನೀವು ಓದಬೇಕು ಎಂದೇ ಬರೆದೆ. ಇದಕ್ಕೆ ಹೆಬ್ಬೆರಳು ಕಳಿಸಬೇಡಿ. ಅವನ ಹತ್ತಿರ ಹೋಗಿ ಮಾತಾಡಿ. ಪ್ರತಿ ವರ್ಷ ಅವನ ತಪಾಸಣೆ ಹೋಟೆಲಿನ ಹೊಣೆ ಎಂದು ಭಾವನ ಎದುರು ಹೇಳಿ.

ಇನ್ನು ಅಂಬರನಾಥದ ಮನೆ. ಬುಧವಾರ ಬೆಳಿಗ್ಗೆ ಅದೇ ತಂಡ ಬರುತ್ತದೆ, ನಾನು ಗೊತ್ತು ಮಾಡಿದ್ದೇನೆ. ಕೋಣೆಯನ್ನು ಮುಚ್ಚಿ ಹತ್ತಿ, ಪೈಪಿನ ಪಟ್ಟಿ ಎರಡನ್ನೂ ತೆಗೆದು, ತಳೋಜಾ ಕಡೆ ಇಂಥ ಕಸಕ್ಕೇ ಇರುವ ಜಾಗಕ್ಕೆ ಸಾಗಿಸುತ್ತಾರೆ. ಕಾರ್ಪೊರೇಷನ್ನಿನ ಕಸದ ಗಾಡಿಗೆ ಹಾಕುವ ಎಂದು ದಯವಿಟ್ಟು ಹೇಳಬೇಡಿ, ಆ ಗಾಡಿಯ ಮೇಲೆ ನಿಲ್ಲುವವರಿಗೂ ಎದೆ ಉಂಟು. ಶೀಟನ್ನು ಈಗ ಮುಟ್ಟುವುದಿಲ್ಲ. ಮೇಲೆ ಬಿಸಿಲು ತಡೆಯುವ ಬಿಳಿ ಬಣ್ಣ ಹೊಡೆಸಬೇಕು, ಅದೂ ಉಜ್ಜದೆ ಕೆರೆಯದೆ, ಮಳೆ ಮುಗಿದ ಮೇಲೆ. ಮುಂದೆ ಎಂದಾದರೂ ಶೀಟು ಬದಲಿಸುವುದಾದರೆ ಕಲ್ನಾರು ಇಲ್ಲದ ಶೀಟು ಬರುತ್ತದೆ, ಕೇಳಿ ತರಿಸುವ. ಸೀಲಿಂಗಿನ ಮೇಲೆ ಏನು ತುಂಬಿಸುವುದು ಎಂದು ನೀವು ಕೇಳುತ್ತೀರಿ. ನಿಮ್ಮ ಜಯಂತನ ರಾಕ್‌ವೂಲೇ ಇರಲಿ! ಹೊಸದು, ಮುಚ್ಚಿದ ಪ್ಯಾಕಿನದ್ದು, ಬಿಲ್ಲು ಸಮೇತ. ಗಾಜಿನ ಉಣ್ಣೆಯೂ ಆದೀತು, ಹಾಕುವವರು ಕೈಗವಸು ಮಾಸ್ಕು ಹಾಕಿಕೊಂಡರೆ ಸಾಕು, ಅದು ತುರಿಸುತ್ತದೆಯೇ ಹೊರತು ಇದರ ಹಾಗೆ ಒಳಗೆ ಮನೆ ಮಾಡುವುದಿಲ್ಲ. ಹಳೆ ಕಾಗದವನ್ನು ಪುಡಿ ಮಾಡಿ ಬೆಂಕಿ ಹತ್ತದ ಮದ್ದು ಬೆರೆಸಿ ತುಂಬುವುದೂ ಉಂಟಂತೆ, ಅದಕ್ಕೆ ಗೆದ್ದಲು ಬಾರದ ಹಾಗೆ ನೋಡಿಕೊಳ್ಳಬೇಕಂತೆ. ನೀವೇ ಆರಿಸಿ. ನಾನು ಎಲ್ಲವನ್ನೂ ನಿರ್ಧರಿಸುತ್ತೇನೆ ಎಂಬ ದೂರು ಬೇಡ.

ಬೀಗದ ಕೈ ನಿಮ್ಮ ಹತ್ತಿರ ಉಂಟು. ಬುಧವಾರ ಬಂದು ತೆರೆದುಕೊಡಿ. ಒಳಗೆ ಮಾತ್ರ ಹೋಗಬೇಡಿ.

ಭಾವ ಮೊನ್ನೆ ಫೋನ್ ಮಾಡಿದಾಗ ಒಂದು ವಿಷಯ ಹೇಳಿದರು. ನೀವು ಸಂಜೆ ಹೊತ್ತು ಅಂಬರನಾಥಕ್ಕೆ ಹೋಗಿ ಗೇಟಿನ ಹೊರಗೆ ಸ್ಕೂಟರಿನ ಮೇಲೆ ಸುಮ್ಮನೆ ಕೂತಿರುತ್ತೀರಂತೆ. ಯಾರಾದರೂ ಕೇಳಿದರೆ ಪೇಂಟರಿಗೆ ಕಾಯುತ್ತಿದ್ದೇನೆ ಎನ್ನುತ್ತೀರಂತೆ. ಅದನ್ನು ಕೇಳಿ ನನಗೆ ಇನ್ನೂ ರೇಗಿತು. ಗೇಟಿನ ಹೊರಗೆ ಕೂರಲು ಅಷ್ಟು ದೂರ ಹೋಗುವವರಿಗೆ ಠಾಣೆಯಲ್ಲಿ ಇಳಿದು ಒಂದು ರಿಕ್ಷಾ ಹಿಡಿಯಲು ಏನು ಕಷ್ಟ? ಇಲ್ಲಿ ಅಕ್ಕನ ಮನೆಗೆ ಗೇಟೂ ಇಲ್ಲ, ಮೂರನೇ ಮಾಳಿಗೆಯವರೆಗೆ ಮೆಟ್ಟಿಲು ಮಾತ್ರ. ಮಗಳು ಕೆಳಗೆ ಸ್ಕೂಟರಿನ ಸದ್ದು ಕೇಳಿದರೆ ಸಾಕು, ಬಾಲ್ಕನಿಗೆ ಹೋಗಿ ಬರುತ್ತಾಳೆ. ಅದು ನನಗೆ ಕಾಣುವುದಿಲ್ಲ ಎಂದುಕೊಂಡಿದ್ದಾಳೆ.

ತಪ್ಪಾಯಿತು ಎಂದು ಹೇಳಿಸಿಕೊಳ್ಳುವ ಆಸೆ ನನಗೆ ಇಲ್ಲ. ಬಾಯಲ್ಲಿ ಹೇಳುವ ತಪ್ಪಾಯಿತು ಕೂಡ ನಿಮ್ಮ ಸರಿ ಸರಿಯ ಜಾತಿಯದ್ದೇ. ಇನ್ನು ಮುಂದೆ ಕೆಟ್ಟ ಸುದ್ದಿ ನಿಮಗೆ ಮೊದಲು ಗೊತ್ತಾದರೆ ಅದನ್ನು ನನಗೂ ಹೇಳಬೇಕು. ನಾನು ಕೂಗುತ್ತೇನೆ, ಕೂಗಿ ಮುಗಿಸುತ್ತೇನೆ, ಆಮೇಲೆ ಇಬ್ಬರೂ ಸೇರಿ ಏನು ಮಾಡುವುದು ಎಂದು ನೋಡುವ. ನನಗೆ ಬೇಕಾದದ್ದು ಇಷ್ಟೇ. ಇಷ್ಟಕ್ಕೂ ಆಗದು ಎಂದರೆ ಹೇಳಿಬಿಡಿ, ಬುಧವಾರ ಬಾಗಿಲು ತೆರೆದು ಬೀಗದ ಕೈಯನ್ನು ತಂಡದವರಿಗೆ ಕೊಟ್ಟು ನೀವು ಹೊರಟುಹೋಗಿ.

ಅತ್ತೆಗೆ ನಮಸ್ಕಾರ ತಿಳಿಸಿ. ಅವರ ಮಂಡಿಯ ಎಣ್ಣೆ ಕಪಾಟಿನ ಕೆಳಗಿನ ಅರೆಯಲ್ಲಿ ಉಂಟು, ನೀವು ಮೇಲೆಯೇ ಹುಡುಕುತ್ತಿರುತ್ತೀರಿ.

ಇಂತು,
ನಿಮ್ಮ ಮೇಲೆ ಸಿಟ್ಟಿರುವ,
ಮುಕ್ತಾ

ತಾ. ಕ.: ಕೆಟ್ಟ ಸುದ್ದಿ ಹೇಳಬೇಕು ಎಂದು ನಿಮಗೆ ಬರೆದು ನಾನು ಮುಚ್ಚಿಟ್ಟರೆ ಹೇಗೆ? ಅಂಗಾರನನ್ನು ನೋಡಿದ ಡಾಕ್ಟರು ನನ್ನನ್ನೂ ಒಂದೆರಡು ಮಾತು ಕೇಳಿ, ನೀವೂ ಸ್ಕ್ಯಾನ್ ಮಾಡಿಸಿ ಎಂದರು. ಮಾಡಿಸಿದೆ. ಶ್ವಾಸಕೋಶದ ಹೊರಪೊರೆಯ ಮೇಲೆ ಸುಣ್ಣ ಕಟ್ಟಿದ ಹಾಗೆ ಕಲೆಗಳಿವೆ. ಇದು ಅಂಬರನಾಥದ ಸೀಲಿಂಗಿನಿಂದ ಬಂದದ್ದಲ್ಲ, ಇಂಥ ಕಲೆ ಮೂಡಲು ಎಷ್ಟೋ ವರ್ಷ ಬೇಕು, ಹಾಗಾಗಿ ನೀವು ತಲೆ ಚಚ್ಚಿಕೊಳ್ಳಬೇಡಿ. ನನ್ನ ಅಪ್ಪ ಶೀಟು ಮಾಡುವ ಕಾರ್ಖಾನೆಯಲ್ಲಿ ದುಡಿದದ್ದು ನಿಮಗೆ ಗೊತ್ತು. ಸಂಜೆ ಅವರ ಶರ್ಟನ್ನು ನೀರಿಗೆ ಹಾಕುವ ಮೊದಲು ಬಾಗಿಲಲ್ಲಿ ನಿಂತು ಕೊಡವುತ್ತಿದ್ದವಳು ನಾನು, ಅದು ಗೊತ್ತಿಲ್ಲ. ಅಪ್ಪ ಕೆಮ್ಮಿ ಕೆಮ್ಮಿ ಹೋದಾಗ ನಾವೆಲ್ಲ ಸಿಗರೇಟಿನ ಮೇಲೆ ತಪ್ಪು ಹಾಕಿ ಸುಮ್ಮನಾದೆವು. ಈಗಿನ ಕಲೆ ಕಾಯಿಲೆ ಅಲ್ಲ, ಕಾಯಿಲೆ ಆಗಿಯೇ ಆಗುತ್ತದೆ ಎಂದೂ ಅಲ್ಲ, ಆದರೆ ವರ್ಷ ವರ್ಷ ನೋಡಿಸುತ್ತಿರಬೇಕು ಎಂದಿದ್ದಾರೆ. ಶುಕ್ರವಾರ ಮತ್ತೆ ಬರಲು ಹೇಳಿದ್ದಾರೆ. ಅಕ್ಕನಿಗೆ ಹೇಳಿಲ್ಲ, ಸುಮೇಧಾಳಿಗೆ ಹೇಳಿಲ್ಲ. ಅಂಗಾರನ ಎದುರು ನಾನು ತುಂಬ ಧೈರ್ಯಸ್ಥೆ. ಒಬ್ಬಳೇ ಆ ಆಸ್ಪತ್ರೆಯ ಬೆಂಚಿನ ಮೇಲೆ ಕೂರಲು ನನಗೆ ಹೆದರಿಕೆಯಾಗುತ್ತದೆ. ನೀವು ಬನ್ನಿ.